ಸ್ಮರಣಾ ಬಾವುಟ ತರುವುದು ಹೇಗೆ: ಕರಾವಳಿಯ ಸಂಘಗಳಿಗೆ ಸಮಗ್ರ ಮಾರ್ಗದರ್ಶಿ

ಮೇ ತಿಂಗಳು ಹತ್ತಿರ ಬಂತೆಂದರೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. "ಬಾವುಟ ಪ್ರಿಂಟ್ ಆಗಿ ಬಂದಿದೆ, ಈಗ ಒಂದು ಮನೆಯವರು ಬೇಡ ಅನ್ನುತ್ತಿದ್ದಾರೆ." "ಕಂಬ ನಿಲ್ಲಿಸಿ ಆಯ್ತು, ಪಂಚಾಯತ್‌ನವರು ತೆಗೆಯಿರಿ ಅಂದರು." "ಬಣ್ಣ ನೋಡಿ ಯಾವ ಪಕ್ಷದ್ದು ಅಂತ ಕೇಳ್ತಿದ್ದಾರೆ." ಹೀಗೆ ಕೇಳುವವರೆಲ್ಲ ಒಳ್ಳೆಯ ಮನಸ್ಸಿನಿಂದ ಹೊರಟವರೇ. ಅವರು ಎಡವಿದ್ದು ಕೆಲಸದ ಕ್ರಮದಲ್ಲಿ. ಮೊದಲು ಚಿತ್ರ ಬರೆಸುತ್ತಾರೆ, ಮಾರನೇ ದಿನ ಪ್ರಿಂಟ್ ಹಾಕಿಸುತ್ತಾರೆ, ಆಮೇಲೆ ಉಳಿದವರನ್ನು ಕೇಳುತ್ತಾರೆ. ಚಿತ್ರ ಬರೆಸುವುದು ಈ ಕೆಲಸದಲ್ಲಿ ನಾಲ್ಕನೆಯ ಹಂತ.

ಉದಾಹರಣೆಗೆ 2010ರ ಮೇ 22ರ ವಿಮಾನ ದುರಂತವನ್ನು ಇಟ್ಟುಕೊಂಡಿದ್ದೇನೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಮಂಗಳೂರು, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಿಗೆ ಇದು ಇನ್ನೂ ಮುಗಿಯದ ವಿಷಯ. ಬೇರೆ ದುರಂತದ ನೆನಪಿಗೆ ಬಾವುಟ ತರುವುದಿದ್ದರೂ ಹಂತಗಳು ಇವೇ.

## ಶುರು ಮಾಡುವ ಮೊದಲು: ಸಮಯ, ಜನ, ಸಾಮಾನು

ಮೇ 22ಕ್ಕೆ ಬಾವುಟ ಏರಬೇಕಾದರೆ ಹಿಂದಿನ ಡಿಸೆಂಬರ್‌ನಲ್ಲಿ ಕೆಲಸ ಹಿಡಿಯಿರಿ. ಏಪ್ರಿಲ್, ಮೇ ಅಂದರೆ ನಮ್ಮಲ್ಲಿ ಮದುವೆ, ನೇಮ, ಬ್ರಹ್ಮಕಲಶಗಳ ಕಾಲ. ಸಭಾಂಗಣ ಸಿಗುವುದಿಲ್ಲ. ಪ್ರಿಂಟಿಂಗ್‌ನವರ ಕೈ ಬಿಡುವಿರುವುದಿಲ್ಲ. ಟೈಲರ್ ಅಂತೂ ಸಿಗುವುದೇ ಇಲ್ಲ. ಶಾಲೆಯ ಹಳೆ ವಿದ್ಯಾರ್ಥಿ ಸಂಘದವರು ಇನ್ನೊಂದು ವಿಷಯ ಗಮನಿಸಬೇಕು: ಮೇ 22ಕ್ಕೆ ಶಾಲೆಗೆ ಬೇಸಿಗೆ ರಜೆ ಇರುತ್ತದೆ. ಮಕ್ಕಳನ್ನು ನಂಬಿ ಕಾರ್ಯಕ್ರಮ ಹಾಕಬೇಡಿ.

ಜವಾಬ್ದಾರಿ ಹೊರಲು ಮೂವರು ಸಾಕು. ಒಬ್ಬರು ಮನೆಗಳಿಗೆ ಹೋಗಿ ಮಾತಾಡುವವರು, ಒಬ್ಬರು ಕಾಗದಪತ್ರ ನೋಡುವವರು, ಒಬ್ಬರು ಬಟ್ಟೆ ಮತ್ತು ಕಂಬದ ಕೆಲಸದವರು. ಹದಿನೈದು ಜನರ ಸಮಿತಿ ಮಾಡಿದರೆ ಫೋಟೋಕ್ಕೆ ಹದಿನೈದು ಜನ ಬರುತ್ತಾರೆ, ಕೆಲಸ ಮಾತ್ರ ಇಬ್ಬರ ತಲೆ ಮೇಲೆ ಬೀಳುತ್ತದೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಸಂಘದ ಬೈಲಾ ಪ್ರತಿ, ನಿರ್ಣಯ ಪುಸ್ತಕ, ಮನೆಯವರ ಅಭಿಪ್ರಾಯ ಬರೆದಿಡಲು ಒಂದು ನೋಟ್‌ಬುಕ್, ಅಳತೆ ಟೇಪು. ಬಟ್ಟೆ, ಕಂಬ, ರಾಟೆ, ಹಗ್ಗದ ವಿಷಯ ಮುಂದೆ ಬರುತ್ತದೆ.

## ಹಂತ 1: ಒಂದು ವಾಕ್ಯ ಬರೆಯಿರಿ

ಬಾವುಟ ಯಾರ ನೆನಪಿಗೆ, ಯಾವ ದಿನ, ಎಲ್ಲಿ ಹಾರಬೇಕು ಎನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "2010ರ ವಿಮಾನ ದುರಂತದಲ್ಲಿ ತೀರಿಕೊಂಡವರ ನೆನಪಿಗೆ, ಪ್ರತಿ ಮೇ 22ರಂದು, ನಮ್ಮ ಸಂಘದ ಕಟ್ಟಡದ ಮುಂದೆ." ಇಷ್ಟು ಸಾಕು.

ಈ ವಾಕ್ಯಕ್ಕೆ "ಮತ್ತು" ಸೇರತೊಡಗಿದರೆ ಎಚ್ಚರ. ಮತ್ತು ಸೈನಿಕರ ನೆನಪಿಗೆ, ಮತ್ತು ಕೊರೊನಾದಲ್ಲಿ ಹೋದವರಿಗೆ, ಮತ್ತು ಸಂಘದ ಬೆಳ್ಳಿಹಬ್ಬಕ್ಕೆ ಅಂತ ಪಟ್ಟಿ ಬೆಳೆದರೆ ಆ ಬಾವುಟ ಯಾರದ್ದೂ ಆಗುವುದಿಲ್ಲ. ಸೈನಿಕರ ಹೆಸರಿಗೆ ಡಿಸೆಂಬರ್ 7ರ ಧ್ವಜ ದಿನ 1949ರಿಂದಲೇ ಇದೆ. ಅದನ್ನು ಅದರ ಪಾಡಿಗೆ ಬಿಡಿ.

ನಿಮ್ಮದು ನಿಮ್ಮ ಸಂಘದ ಬಾವುಟ, ಅಷ್ಟೇ. "ರಾಷ್ಟ್ರೀಯ ಸ್ಮರಣಾ ಧ್ವಜ" ಎಂದೋ "ಸರ್ಕಾರದ ಮಾನ್ಯತೆ ಪಡೆದ" ಎಂದೋ ಆಮಂತ್ರಣದಲ್ಲಿ ಹಾಕಿಸಬೇಡಿ.

## ಹಂತ 2: ಮನೆಯವರ ಹತ್ತಿರ ಹೋಗಿ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ ಇದು. ಹೆಚ್ಚಿನವರು ಬಿಡುವ ಹಂತವೂ ಇದೇ.

ನಿಮ್ಮ ಊರಿನ, ನೆರೆ ಊರಿನ ಎಷ್ಟು ಮನೆಗಳನ್ನು ತಲುಪಲು ಆಗುತ್ತದೋ ಅಷ್ಟಕ್ಕೂ ಹೋಗಿ. ವಾಟ್ಸಾಪ್‌ನಲ್ಲಿ ಚಿತ್ರ ಕಳಿಸಿ "ಓಕೆನಾ?" ಅಂತ ಕೇಳಬೇಡಿ. ಮೊದಲು ಫೋನ್ ಮಾಡಿ, ಯಾವಾಗ ಬರಬಹುದು ಅಂತ ಕೇಳಿ. ಇಬ್ಬರೇ ಹೋಗಿ. ಆ ಮನೆಯಲ್ಲಿ ಮಾತಾಡುವ ಭಾಷೆ ಬರುವವರು ಒಬ್ಬರಿರಲಿ. ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಕನ್ನಡ, ಯಾವುದಾದರೂ ಇರಬಹುದು. ದುಃಖದ ಮಾತು ಮನೆ ಭಾಷೆಯಲ್ಲಿ ಆದರೇನೇ ಬಾಯಿ ಬಿಡುತ್ತದೆ.

ಹೋಗುವಾಗ ಬಾವುಟದ ಚಿತ್ರ ಒಯ್ಯಬೇಡಿ. ಚಿತ್ರ ತೋರಿಸಿದ ಕೂಡಲೇ ಮಾತು "ಈ ಬಣ್ಣ ಚೆನ್ನಾಗಿದೆ, ಇದು ಬೇಡ" ಎಂಬಲ್ಲಿಗೆ ತಿರುಗುತ್ತದೆ. ಎದುರಿಗೆ ಕುಳಿತವರು ಮರ್ಯಾದೆಗೆ "ಆಗ್ಲಿ" ಅಂದುಬಿಡುತ್ತಾರೆ. ಆ "ಆಗ್ಲಿ" ಒಪ್ಪಿಗೆ ಅಲ್ಲ. ಬರಿಗೈಯಲ್ಲಿ ಹೋಗಿ, ನಾಲ್ಕು ಪ್ರಶ್ನೆ ಕೇಳಿ:

"ಇಂಥದ್ದೊಂದು ಬಾವುಟ ಬೇಕು ಅಂತ ನಿಮಗೆ ಅನ್ನಿಸುತ್ತದಾ, ಅಥವಾ ಬೇಡವಾ?"
"ಹೆಸರು, ಫೋಟೋ ಎಲ್ಲಾದರೂ ಹಾಕಬಹುದಾ?"
"ನೋಡಿದರೆ ನಿಮಗೆ ನೋವಾಗುವಂಥದ್ದು ಏನಾದರೂ ಇದೆಯಾ?"
"ಆ ದಿನ ನೀವು ಬರಬೇಕು ಅಂತಿಲ್ಲ. ಬಂದರೆ ಎಲ್ಲಿ ಕೂರಲು ಇಷ್ಟ?"

ಮೂರನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಹೊರಗಿನ ಕಣ್ಣಿಗೆ ವಿಮಾನದ ಚಿತ್ರ ಸಹಜ. ಮನೆಯವರ ಕಣ್ಣಿಗೆ ಹಾಗಲ್ಲ. ಬೆಂಕಿಯ ಜ್ವಾಲೆ, ಮುರಿದ ರೆಕ್ಕೆ, 6 ಗಂಟೆ ತೋರಿಸುವ ಗಡಿಯಾರ, ಇವೆಲ್ಲ ಕಲಾವಿದನಿಗೆ ತಟ್ಟನೆ ಹೊಳೆಯುತ್ತವೆ. ಯಾಕೆ ಬೇಡ ಅನ್ನುವುದು ಒಂದು ತಾಯಿಯ ಎದುರು ಐದು ನಿಮಿಷ ಕೂತರೆ ಗೊತ್ತಾಗುತ್ತದೆ. ಅಂದಹಾಗೆ, ಬದುಕಿ ಉಳಿದವರನ್ನೂ ಕೆಂಜಾರಿನಲ್ಲಿ ಮೊದಲು ಓಡಿ ಹೋದ ಊರವರನ್ನೂ ಮರೆಯಬೇಡಿ. ಅವರ ಅಭಿಪ್ರಾಯವೂ ನೋಟ್‌ಬುಕ್‌ನಲ್ಲಿ ಇರಲಿ.

ಸಿಕ್ಕ ಉತ್ತರವನ್ನು ದಿನಾಂಕ ಹಾಕಿ ಬರೆಯಿರಿ. ಹೆಸರು, ಫೋಟೋ ಬಳಸುವುದಿದ್ದರೆ ಮಾತ್ರ ಸಹಿ ಬೇಕು. ಸುಮ್ನೆ ಅಭಿಪ್ರಾಯ ಹೇಳಿದ್ದಕ್ಕೆ ಸಹಿ ಕೇಳಿದರೆ ಜನ ಹೆದರುತ್ತಾರೆ. ಪರಿಹಾರದ ಕೇಸಿಗೆ ಸಂಬಂಧಪಟ್ಟ ಕಾಗದ ಅಂತ ಅಂದುಕೊಳ್ಳುತ್ತಾರೆ.

ಇಲ್ಲಿ ನಿಲ್ಲಿಸಬೇಕಾದ ಸೂಚನೆಗಳಿವೆ. ನಿಮ್ಮ ಊರಿನ ಮನೆಯವರಲ್ಲಿ ಹೆಚ್ಚಿನವರು ಬೇಡ ಅಂದರೆ ಬಾವುಟ ಬೇಡ. ಆ ದಿನ ಗಿಡ ನೆಡಿ, ರಕ್ತದಾನ ಶಿಬಿರ ಮಾಡಿ. ಒಬ್ಬರೇ ಬೇಡ ಅಂದರೆ ಅವರ ಮನೆಯವರ ಹೆಸರು, ಫೋಟೋ ಎಲ್ಲೂ ಬಾರದಂತೆ ನೋಡಿ, ಅದನ್ನು ಅವರಿಗೆ ಹೇಳಿಯೇ ಮುಂದುವರಿಯಿರಿ. "ಎಲ್ಲರೂ ಒಪ್ಪಿದ್ದಾರೆ, ನೀವೊಬ್ಬರೇ" ಎಂಬ ಮಾತು ಬಾಯಿಂದ ಬರಕೂಡದು.

## ಹಂತ 3: ಕಾನೂನಿನ ಗೆರೆ ತಿಳಿದುಕೊಳ್ಳಿ

ಚಿತ್ರಕ್ಕೆ ಕೈ ಹಾಕುವ ಮೊದಲೇ ಇದು ಆಗಬೇಕು. ಇಲ್ಲದಿದ್ದರೆ ಚೆಂದದ ಚಿತ್ರ ಬರೆಸಿ ಹರಿದು ಹಾಕಬೇಕಾಗುತ್ತದೆ.

ಅತಿ ಸಾಮಾನ್ಯ ತಪ್ಪು ಎಂದರೆ ತ್ರಿವರ್ಣ ಧ್ವಜದ ಮೇಲೆ ಹೆಸರನ್ನೋ ದಿನಾಂಕವನ್ನೋ ಹಾಕಿ ಅದನ್ನೇ ಸ್ಮರಣಾ ಬಾವುಟ ಮಾಡುವುದು. ರಾಷ್ಟ್ರಧ್ವಜದ ಮೇಲೆ ಯಾವ ಬರಹವೂ ಇರಕೂಡದು. ರಾಷ್ಟ್ರ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ ಅದು ಅಪರಾಧ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಕೇಸರಿ, ಬಿಳಿ, ಹಸಿರು ಪಟ್ಟಿಗಳನ್ನು ಅದೇ ಕ್ರಮದಲ್ಲಿ ಬಳಸಿ, ಚಕ್ರದ ಜಾಗದಲ್ಲಿ ನಿಮ್ಮ ಗುರುತು ಇಡುವ ಉಪಾಯವನ್ನೂ ಬಿಡಿ. ದೂರದಿಂದ ಅದು ರಾಷ್ಟ್ರಧ್ವಜದ ಹಾಗೆಯೇ ಕಾಣುತ್ತದೆ.

ಎರಡು ಬಾವುಟ ಒಟ್ಟಿಗೆ ಹಾರಿಸುವಾಗಲೂ ಎಡವಟ್ಟಾಗುತ್ತದೆ. 2002ರ ಧ್ವಜ ಸಂಹಿತೆಯ ಪ್ರಕಾರ ಒಂದೇ ಕಂಬದಲ್ಲಿ ರಾಷ್ಟ್ರಧ್ವಜದ ಜೊತೆ ಬೇರೆ ಬಾವುಟ ಕಟ್ಟುವಂತಿಲ್ಲ. ಬೇರೆ ಯಾವ ಬಾವುಟವೂ ಅದಕ್ಕಿಂತ ಎತ್ತರದಲ್ಲಿ ಇರುವಂತಿಲ್ಲ. ನನ್ನ ಸಲಹೆ ಸರಳ: ಆ ದಿನ ಆ ಜಾಗದಲ್ಲಿ ಸ್ಮರಣಾ ಬಾವುಟ ಒಂದೇ ಇರಲಿ. ಸಂಘದ ಅಂಗಳದಲ್ಲಿ ರಾಷ್ಟ್ರಧ್ವಜದ ಕಂಬ ಇದ್ದರೆ, ನಿಮ್ಮದನ್ನು ದೂರದಲ್ಲಿ, ಗಿಡ್ಡ ಕಂಬದಲ್ಲಿ ಹಾಕಿ.

ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸುವ ಅಧಿಕಾರ ನಮಗಿಲ್ಲ. ಅದು ಸರ್ಕಾರದ ಆದೇಶದಿಂದ ಆಗುವ ಕೆಲಸ. "ಶೋಕದ ದಿನ ಅಲ್ವಾ, ಅರ್ಧಕ್ಕೆ ಇಳಿಸೋಣ" ಅಂತ ಸಂಘದವರೇ ತೀರ್ಮಾನಿಸುವುದು ತಪ್ಪು. ನಿಮ್ಮ ಸ್ಮರಣಾ ಬಾವುಟವನ್ನು ಅರ್ಧಕ್ಕೆ ಹಾರಿಸಲು ಅಡ್ಡಿಯಿಲ್ಲ. ಆದರೆ ಅದೇ ಶೋಕದ ಗುರುತಾಗಿರುವಾಗ ಪೂರ್ತಿ ಏರಿಸುವುದೇ ಚೆಂದ.

ಗುರುತುಗಳಲ್ಲೂ ಕೆಲವು ಮುಟ್ಟಬಾರದವು. ಮೂರು ಸಿಂಹದ ಲಾಂಛನಕ್ಕೆ 2005ರ ಕಾಯ್ದೆ ಇದೆ. ರಕ್ಷಣೆಗೆ ಹೋದವರ ನೆನಪಿಗೆ ಅಂತ ಬಿಳಿ ನೆಲದ ಮೇಲೆ ಕೆಂಪು ಶಿಲುಬೆ ಹಾಕುವವರಿದ್ದಾರೆ. ಅದು ರೆಡ್ ಕ್ರಾಸ್ ಗುರುತು, ಅದಕ್ಕೂ ಕಾನೂನಿನ ರಕ್ಷಣೆ ಇದೆ. ವಿಮಾನ ಕಂಪನಿಯ ಲೋಗೋ ಬೇಡವೇ ಬೇಡ.

ಪ್ಲಾಸ್ಟಿಕ್ ಬಾವುಟ, ಫ್ಲೆಕ್ಸ್, ಬಂಟಿಂಗ್ಸ್‌ಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಬಟ್ಟೆಯದ್ದೇ ಮಾಡಿಸಿ.

## ಹಂತ 4: ಬಣ್ಣ, ಗುರುತು

ಈಗ ಚಿತ್ರಕ್ಕೆ ಬರೋಣ. ನಮ್ಮ ಊರಲ್ಲಿ ಬಣ್ಣ ಆರಿಸುವುದು ಸುಲಭದ ಕೆಲಸ ಅಲ್ಲ. ಹೆಚ್ಚುಕಡಿಮೆ ಪ್ರತಿ ಬಣ್ಣಕ್ಕೂ ಆಗಲೇ ಒಬ್ಬ ಒಡೆಯ ಇದ್ದಾನೆ. ಕೇಸರಿ, ಹಸಿರು, ಕೆಂಪು ಹಾಕಿದರೆ ಜನ ಮೊದಲು ಕೇಳುವುದು ಯಾರ ಬಾವುಟ ಅಂತಲೇ. ಹಳದಿ-ಕೆಂಪು ಕನ್ನಡ ಬಾವುಟ. ಹಳದಿ-ಬಿಳಿ ಚರ್ಚ್‌ನ ಹಬ್ಬಕ್ಕೆ ಕಟ್ಟುವುದು. ಕಡು ನೀಲಿ ದಲಿತ ಸಂಘಟನೆಗಳದ್ದು. ಬರೀ ಕೆಂಪನ್ನು ಪಣಂಬೂರು, ಮಲ್ಪೆಯಂಥ ಕಡಲ ತೀರದ ಹತ್ತಿರ ಹಾರಿಸಿದರೆ ನೀರಿಗೆ ಇಳಿಯಬೇಡಿ ಎಂಬ ಅಪಾಯದ ಗುರುತಾಗುತ್ತದೆ. ಪಡುಬಿದ್ರಿ ಬೀಚ್‌ನಲ್ಲಿ ಸ್ವಚ್ಛ, ಸುರಕ್ಷಿತ ಬೀಚ್‌ಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆಯ ನೀಲಿ ಬಾವುಟವೇ ಇದೆ.

ಶೋಕ ಅಂದರೆ ಕಪ್ಪು ಅಂತ ಹೊರಡುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಕಪ್ಪು ಬಾವುಟ ತೋರಿಸುವುದು ಅಂದರೆ ಪ್ರತಿಭಟನೆ. ಮಂತ್ರಿ ಬರುವ ದಾರಿಯಲ್ಲಿ ಕಪ್ಪು ಬಾವುಟ ಕಂಡರೆ ಪೊಲೀಸರು ಏನು ಮಾಡುತ್ತಾರೆ ಗೊತ್ತಲ್ವಾ? ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಿ, ತೊಂದರೆ ಇಲ್ಲ. ಕಂಬದ ಮೇಲೆ ಬೇಡ.

ಹಾಗಾದರೆ ಉಳಿಯುವುದೇನು? ಬೂದು ಉಳಿಯುತ್ತದೆ. ಮೇ ಕೊನೆಯಲ್ಲಿ ಮೋಡ ಕವಿದಾಗ ಕಡಲಿಗೆ ಬರುವ ಬಣ್ಣ ಅದು. ಅದರ ಜೊತೆ ಬಿಳಿ ಚೆನ್ನಾಗಿ ಕೂಡುತ್ತದೆ. ಬೂದು ಬಟ್ಟೆಯ ನಡುವೆ ಅಗಲವಾದ ಒಂದು ಬಿಳಿ ಪಟ್ಟಿ, ಬೇಕಿದ್ದರೆ ಪಟ್ಟಿಯ ಎರಡೂ ಅಂಚಿಗೆ ತೆಳು ತಿಳಿನೀಲಿ ಗೆರೆ. ಇಷ್ಟೇ ಇದ್ದರೂ ಅದು ಬಾವುಟ ಅನ್ನಿಸಿಕೊಳ್ಳುತ್ತದೆ. ದುರಂತದಲ್ಲಿ ಹೋದವರಲ್ಲಿ ಎಲ್ಲ ಧರ್ಮದವರೂ ಇದ್ದರು. ಒಂದು ಧರ್ಮದ ಪ್ರಾರ್ಥನೆಗೆ ಸೇರಿದ ಗುರುತನ್ನು ಎಲ್ಲರ ಹೆಸರಲ್ಲಿ ಹಾರಿಸಬಾರದು. ದೀಪ ಎಲ್ಲರದ್ದೂ ಅಂತ ವಾದಿಸುವವರು ಸಿಗುತ್ತಾರೆ. ಅವರ ಜೊತೆ ವಾದ ಬೇಡ, ಹಂತ 2ರ ನೋಟ್‌ಬುಕ್ ತೆರೆದು ತೋರಿಸಿ.

ಹೆಸರು, ಸಂಖ್ಯೆ ಹಾಕಬೇಕೇ? ನನ್ನ ಉತ್ತರ ಬೇಡ ಅಂತ. 158 ಹೆಸರು ಬಾವುಟದ ಮೇಲೆ ಹಿಡಿಸಿದರೆ ಕೆಳಗೆ ನಿಂತವರಿಗೆ ಒಂದೂ ಓದಲು ಆಗುವುದಿಲ್ಲ. ಒಂದು ಹೆಸರಿನ ಅಕ್ಷರ ತಪ್ಪಿದರೆ ಆ ಮನೆಯವರಿಗೆ ಆಗುವ ನೋವು ದೊಡ್ಡದು. ಬರಹ ಬೇಕಾದರೆ ಕಂಬದ ಬುಡದಲ್ಲಿ ಕಲ್ಲಿನ ಅಥವಾ ಲೋಹದ ಫಲಕ ಇಡಿ. ಅಲ್ಲಿ ಹತ್ತಿರ ನಿಂತು ಓದಬಹುದು. ಬಾವುಟದ ಮೇಲೆ ಏನಾದರೂ ಬರೆಯಲೇಬೇಕು ಅಂತಿದ್ದರೆ 22-5-2010 ಎಂಬ ದಿನಾಂಕ ಸಾಕು. ಅಂಕಿಗಳಲ್ಲಿದ್ದರೆ ಕನ್ನಡ ಓದಲು ಬಾರದ ಕಾಸರಗೋಡಿನ ಮನೆಯವರಿಗೂ ತಿಳಿಯುತ್ತದೆ.

ಭಯೋತ್ಪಾದಕರ ದಾಳಿಯಲ್ಲಿ ಹೋದವರ ನೆನಪಿಗೆ ಬಾವುಟ ಮಾಡುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಕೊಂದವರ ಮೇಲಿನ ಸಿಟ್ಟು ಬಾವುಟದಲ್ಲಿ ಕಾಣಬಾರದು. ಕತ್ತಿ, ಮುಷ್ಟಿ, ಘೋಷಣೆ ಬಂದವೋ, ಅದು ಹೋದವರ ಬಾವುಟ ಆಗಿ ಉಳಿಯುವುದಿಲ್ಲ. ಮುಂದಿನ ವರ್ಷ ಯಾವುದೋ ಮೆರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಚಿತ್ರ ಸಿದ್ಧವಾದ ಮೇಲೆ ಈ ಪರೀಕ್ಷೆ ಮಾಡಿ. 9 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಕಾಗದದ ಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, 3 ಮೀಟರ್ ದೂರ ನಿಂತು ನೋಡಿ. 90 ಸೆಂಟಿಮೀಟರ್ ಉದ್ದದ ಬಾವುಟ 30 ಮೀಟರ್ ದೂರಕ್ಕೆ ಕಾಣುವುದು ಹೀಗೆಯೇ. ಈಗ ಕಾಗದವನ್ನು ಸ್ವಲ್ಪ ಮುದುರಿ ಮತ್ತೆ ನೋಡಿ. ಗಾಳಿ ಇಲ್ಲದಾಗ ಬಾವುಟ ಜೋತು ಬಿದ್ದಿರುತ್ತದೆ. ಆಗಲೂ ಗುರುತು ಸಿಗುತ್ತದಾ? ಸಿಗದಿದ್ದರೆ ಚಿತ್ರ ಇನ್ನೂ ಸರಳವಾಗಬೇಕು.

## ಹಂತ 5: ಫೈಲ್, ಬಟ್ಟೆ, ಹೊಲಿಗೆ

ಈ ಹಂತದಲ್ಲಿ ಫೈಲ್, ಸ್ಯಾಂಪಲ್ ಸಿದ್ಧವಾದರೆ ಸಾಕು, ಬಾವುಟದ ಆರ್ಡರ್ ಹಂತ 6ರ ಸಭೆ ಆದ ಮೇಲೆ. ಪ್ರಿಂಟಿಂಗ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಕೊಡಬೇಡಿ, ದೊಡ್ಡದು ಮಾಡಿದಾಗ ಅಂಚು ಒಡೆಯುತ್ತದೆ. ಕೋರೆಲ್‌ಡ್ರಾದಂಥದ್ದರಲ್ಲಿ ಮಾಡಿದ ವೆಕ್ಟರ್ ಫೈಲ್, ಅಂದರೆ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ಫೈಲ್ ಬೇಕು. ಬಾವುಟದಲ್ಲೋ ಫಲಕದಲ್ಲೋ ಕನ್ನಡ ಅಕ್ಷರ ಇದ್ದರೆ ಕೊಡುವ ಮೊದಲು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ ಬದಲಿಸಿ. ಇಲ್ಲವಾದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಫಾಂಟ್ ಸಿಗದೆ ಒತ್ತಕ್ಷರ ಕಿತ್ತುಹೋಗುತ್ತದೆ. "ಸ್ಮರಣೆ" ಎನ್ನುವಲ್ಲಿ ಸ ಒಂದು ಕಡೆ, ಮ ಇನ್ನೊಂದು ಕಡೆ ಬಿದ್ದ ಫಲಕಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಪ್ರೂಫ್ ಅನ್ನು ಕಾಗದದ ಮೇಲೆ ನೋಡಿ, ಸಹಿ ಹಾಕಿ ಕೊಡಿ. ಫೋನ್ ಪರದೆಯಲ್ಲಿ ಬೂದು ಒಂದು ಥರ ಕಾಣುತ್ತದೆ, ಬಟ್ಟೆಯ ಮೇಲೆ ಇನ್ನೊಂದು ಥರ. ಅದಕ್ಕೇ ಬಟ್ಟೆಯ ತುಂಡಿನ ಮೇಲೆ ಸ್ಯಾಂಪಲ್ ಪ್ರಿಂಟ್ ಕೇಳಿ ಪಡೆಯಿರಿ.

ಬಟ್ಟೆ ಯಾವುದು? ಮೇ 22ರ ಹೊತ್ತಿಗೆ ಮುಂಗಾರು ಪೂರ್ವದ ಮಳೆ ಬಂದೇ ಬರುತ್ತದೆ. ಹತ್ತಿ ಬಟ್ಟೆ ನೆನೆದು ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ, ಬಣ್ಣವೂ ಬಿಡಬಹುದು. ಸ್ಯಾಟಿನ್ ಫೋಟೋದಲ್ಲಿ ಹೊಳೆಯುತ್ತದೆ, ಗಾಳಿಗೆ ಅಂಚು ಎಳೆ ಎಳೆಯಾಗುತ್ತದೆ. ಹೊರಗೆ ಹಾರಿಸಲು ಬಾವುಟಕ್ಕೆಂದೇ ಬರುವ ನಿಟೆಡ್ ಪಾಲಿಯೆಸ್ಟರ್ ಒಳ್ಳೆಯದು, ಸುಮಾರು 110 ಜಿಎಸ್‌ಎಂನದ್ದು (ಒಂದು ಚದರ ಮೀಟರ್ ಬಟ್ಟೆಗೆ 110 ಗ್ರಾಂ ತೂಕ). ನೀರು ಬೇಗ ಇಳಿಯುತ್ತದೆ, ಸಣ್ಣ ಗಾಳಿಗೂ ಏಳುತ್ತದೆ. ಸಭೆಯ ಒಳಗೆ ಇಡುವ ಒಂದು ಬಾವುಟ ಬೇಕಿದ್ದರೆ ಅದನ್ನು ಕೈಮಗ್ಗದ ಹತ್ತಿಯಲ್ಲಿ ಮಾಡಿಸಿ.

ಒಂದೇ ಪದರದ ಬಟ್ಟೆಗೆ ಪ್ರಿಂಟ್ ಹಾಕಿದಾಗ ಹಿಂಬದಿಯಿಂದ ಅಕ್ಷರ ತಿರುಗುಮುರುಗು ಕಾಣುತ್ತದೆ. ಎರಡೂ ಕಡೆ ಸರಿ ಕಾಣಬೇಕಾದರೆ ಎರಡು ಪದರ ಹಾಕಿ ನಡುವೆ ಬೆಳಕು ತಡೆಯುವ ಬಟ್ಟೆ ಕೊಡಬೇಕು. ಆಗ ತೂಕ ಏರುತ್ತದೆ, ಬಾವುಟ ಹಾರುವುದಿಲ್ಲ, ತೂಗುತ್ತದೆ. ಅಕ್ಷರ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ.

ಟೈಲರ್‌ಗೆ ಹೇಳಬೇಕಾದದ್ದು: ಕಂಬದ ಬದಿಗೆ ದಪ್ಪ ಕ್ಯಾನ್ವಾಸ್ ಪಟ್ಟಿ, ಅದರೊಳಗೆ ಹಗ್ಗ. ಹಾರುವ ಬದಿಯ ಅಂಚು ಮಡಚಿ ಮೂರು ನಾಲ್ಕು ಸಾಲು ಹೊಲಿಗೆ, ಮೂಲೆಗಳಲ್ಲಿ ಅಡ್ಡ ಹೊಲಿಗೆ. ಬಾವುಟ ಹರಿಯಲು ಶುರುವಾಗುವುದು ಹಾರುವ ಬದಿಯ ಮೂಲೆಯಿಂದಲೇ. ಮೇಲಿನ ಮೂಲೆಗೆ ಪಟ್ಟಿಯ ಒಳಗಡೆ ಒಂದು ಕೆಂಪು ನೂಲು ಹಾಕಿಸಿ. ತಲೆಕೆಳಗಾಗಿ ಕಟ್ಟುವ ಅವಮಾನ ತಪ್ಪುತ್ತದೆ. ಎರಡು ಬಾವುಟ ಮಾಡಿಸಿ, ಒಂದು ಹಾರಿಸಲು, ಒಂದು ಇಡಲು. ನೂರು ಬೇಡ.

## ಹಂತ 6: ಮಹಾಸಭೆ, ಠರಾವು

ಕಾರ್ಯಕಾರಿ ಸಮಿತಿ ಒಪ್ಪಿದರೆ ಸಾಲದು, ಮಹಾಸಭೆಯಲ್ಲೇ ಅಂಗೀಕಾರ ಆಗಬೇಕು. ಸಮಿತಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬಾವುಟ ಆಮೇಲೂ ಇರಬೇಕು. ಬೈಲಾದಲ್ಲಿ ಹೇಳಿದಷ್ಟು ದಿನ ಮೊದಲು ನೋಟಿಸ್ ಕಳಿಸಿ. ಅಜೆಂಡಾದಲ್ಲಿ ಈ ವಿಷಯ ಬೇರೆಯಾಗಿಯೇ ಇರಲಿ. "ಅಧ್ಯಕ್ಷರ ಅಪ್ಪಣೆ ಪಡೆದು ಇತರ ವಿಷಯ" ಎನ್ನುವಲ್ಲಿ ತೂರಿಸಬೇಡಿ. ಕೋರಂ ಇದೆಯಾ ನೋಡಿ, ಸಹಿ ಹಾಕಿಸಿ.

ಠರಾವಿನ ಮಾದರಿ ಇದು. ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ:

"ದಿನಾಂಕ ........ ರಂದು ಸೇರಿದ ಈ ಮಹಾಸಭೆಯು, 22-5-2010ರಂದು ಬಜ್ಪೆಯ ಕೆಂಜಾರಿನಲ್ಲಿ ನಡೆದ ವಿಮಾನ ದುರಂತದಲ್ಲಿ ಮಡಿದವರ ನೆನಪಿಗಾಗಿ, ಲಗತ್ತಿಸಿದ ನಕ್ಷೆ, ಅಳತೆ ಮತ್ತು ಬಣ್ಣದ ಬಾವುಟವನ್ನು ಸಂಘದ ಸ್ಮರಣಾ ಬಾವುಟವಾಗಿ ಅಂಗೀಕರಿಸಿದೆ. ಇದನ್ನು ಪ್ರತಿ ವರ್ಷ ಮೇ 22ರಂದು ಬೆಳಿಗ್ಗೆಯಿಂದ ಸೂರ್ಯಾಸ್ತದವರೆಗೆ ಸಂಘದ ಜಾಗದಲ್ಲಿ ಮಾತ್ರ ಹಾರಿಸತಕ್ಕದ್ದು. ಮೆರವಣಿಗೆ, ಪ್ರಚಾರ, ಮಾರಾಟ, ಕ್ರೀಡಾಕೂಟ ಇತ್ಯಾದಿಗೆ ಬಳಸತಕ್ಕದ್ದಲ್ಲ. ಬಾವುಟವು ಸಂಘದ ಕಾರ್ಯದರ್ಶಿಯ ಸುಪರ್ದಿಯಲ್ಲಿ ಇರತಕ್ಕದ್ದು. ವಿನ್ಯಾಸದಲ್ಲಿ ಯಾವುದೇ ಬದಲಾವಣೆಯನ್ನು ಮೃತರ ಮನೆಯವರ ಅಭಿಪ್ರಾಯ ಪಡೆದು ಮಹಾಸಭೆಯಲ್ಲಿಯೇ ಮಾಡತಕ್ಕದ್ದು."

ನಡುವಿನ "ಬಳಸತಕ್ಕದ್ದಲ್ಲ" ಎನ್ನುವ ಸಾಲಿಗೆ ವಿರೋಧ ಬಂದರೆ ಅದು ಅಪಾಯದ ಗಂಟೆ. ಯಾರಿಗೆ, ಯಾಕೆ ಬೇಡ ಅಂತ ಸಭೆಯಲ್ಲೇ ಕೇಳಿ. ಠರಾವಿನ ಜೊತೆ ಒಂದು ಹಾಳೆಯಲ್ಲಿ ಅಳತೆ, ಬಣ್ಣದ ಪ್ಯಾಂಟೋನ್ ಸಂಖ್ಯೆ (ಪ್ರಿಂಟಿಂಗ್‌ನವರು ಬಣ್ಣ ಗುರುತಿಸುವ ಸಂಖ್ಯೆ), ಬಟ್ಟೆಯ ಹೆಸರು ಬರೆದು ಲಗತ್ತಿಸಿ. ಬಟ್ಟೆಯ ಸ್ಯಾಂಪಲ್ ತುಂಡನ್ನೂ ಅದಕ್ಕೇ ಪಿನ್ ಮಾಡಿ. ಹತ್ತು ವರ್ಷದ ನಂತರ ಹೊಸ ಬಾವುಟ ಹೊಲಿಸುವವರಿಗೆ ಈ ಹಾಳೆಯೇ ಆಧಾರ. ಪ್ರಿಂಟಿಂಗ್‌ಗೆ ಆರ್ಡರ್ ಕೊಡುವುದು ಈ ಸಭೆ ಆದ ಮೇಲೆಯೇ.

## ಹಂತ 7: ಕಂಬ, ಪರ್ಮಿಷನ್

ಸಂಘದ ಸ್ವಂತ ಜಾಗ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ರಸ್ತೆ ಬದಿ, ಬಸ್ ಸ್ಟ್ಯಾಂಡ್, ರಿಕ್ಷಾ ಪಾರ್ಕ್, ಮೈದಾನ ಆದರೆ ಗ್ರಾಮ ಪಂಚಾಯತ್, ನಗರಸಭೆ ಅಥವಾ ಮಹಾನಗರ ಪಾಲಿಕೆಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಿರಿ. ಮೆಂಬರ್ ಬಾಯಲ್ಲಿ "ಹಾಕಿ, ನಾನಿದ್ದೇನೆ" ಅಂದದ್ದು ಒಪ್ಪಿಗೆ ಅಲ್ಲ. ಹೆದ್ದಾರಿ 66ರ ಅಂಚು ಬೇಡ. ಬಜ್ಪೆ ಸುತ್ತಮುತ್ತ ಎತ್ತರದ ಕಂಬ ನಿಲ್ಲಿಸುವವರು ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ನಿಯಮವನ್ನೂ ನೋಡಬೇಕು. 15ರಿಂದ 20 ಅಡಿ ಸಾಕು, ಅದಕ್ಕಿಂತ ಎತ್ತರ ಯಾಕೆ? 20 ಅಡಿ ಕಂಬಕ್ಕೆ 5 ಅಡಿ ಉದ್ದದ ಬಾವುಟ ಸರಿಹೊಂದುತ್ತದೆ. ಕಂಬದ ಎತ್ತರದ ಕಾಲು ಭಾಗ ಅಂತ ನೆನಪಿಟ್ಟುಕೊಳ್ಳಿ.

ಕಡಲ ಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಜಿಐ ಪೈಪ್ ಹಾಕಿದರೂ ವೆಲ್ಡಿಂಗ್ ಮಾಡಿದ ಜಾಗದಲ್ಲಿ ತುಕ್ಕು ಹತ್ತುತ್ತದೆ. ಕೈಯಲ್ಲಿ ಹಣ ಇದ್ದರೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ, ತೀರದ ಹತ್ತಿರ ಆದರೆ 316 ದರ್ಜೆಯದ್ದು. ಬುಡಕ್ಕೆ ಕಾಂಕ್ರೀಟ್, ಮೇಲೆ ಬೇಸ್ ಪ್ಲೇಟ್, ಬೋಲ್ಟ್. ಒಂದು ಬದಿಯ ಬೋಲ್ಟ್ ಸಡಿಲಿಸಿ ಕಂಬವನ್ನು ಮಲಗಿಸಲು ಬರುವಂತೆ ಮಾಡಿಸಿ. ತುದಿಯ ರಾಟೆ ಎಂದಾದರೂ ಒಂದು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಹುಡುಗರನ್ನು ಕಂಬ ಹತ್ತಿಸುವ ಪರಿಸ್ಥಿತಿ ಬರಬಾರದು.

ಎರಡು ಅಪಾಯಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು, ಕರೆಂಟ್ ತಂತಿ. ಕಂಬ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಅನುಮಾನ ಇದ್ದರೆ ಮೆಸ್ಕಾಂ ಲೈನ್‌ಮ್ಯಾನ್‌ನನ್ನು ಕರೆದು ತೋರಿಸಿ. ಕಂಬ ನಿಲ್ಲಿಸುವ, ಮಲಗಿಸುವ ದಿನ ಸಪ್ಲೈ ತೆಗೆಸಿ. ಎರಡು, ಸಿಡಿಲು. ಏಪ್ರಿಲ್, ಮೇಯಲ್ಲಿ ನಮ್ಮಲ್ಲಿ ಗುಡುಗು ಜಾಸ್ತಿ. ಲೋಹದ ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಗುಡುಗು ಕೇಳಿಸಿದರೆ ಕಾರ್ಯಕ್ರಮ ಅಲ್ಲಿಗೇ ನಿಲ್ಲಿಸಿ ಎಲ್ಲರೂ ಒಳಗೆ ಹೋಗಬೇಕು. ಹಗ್ಗ ಹಿಡಿದವರೂ ಸಹ.

## ಹಂತ 8: ಏರಿಸುವ ದಿನ

ಕೂಳೂರು-ತಣ್ಣೀರುಬಾವಿ ರಸ್ತೆಯಲ್ಲಿ ಫಲ್ಗುಣಿ ನದಿಯ ದಡದ ಸ್ಮಾರಕ ಉದ್ಯಾನದಲ್ಲಿ ಜಿಲ್ಲಾಡಳಿತದ ಶ್ರದ್ಧಾಂಜಲಿ ಕಾರ್ಯಕ್ರಮ ನಡೆಯುತ್ತದೆ. ಗುರುತು ಸಿಗದವರನ್ನು ಮಣ್ಣು ಮಾಡಿದ ಜಾಗ ಅದು. ಮನೆಯವರು ಅಲ್ಲಿಗೆ ಹೋಗುತ್ತಾರೆ. ಆ ವರ್ಷದ ಸಮಯ ಕೇಳಿಕೊಂಡು, ನಿಮ್ಮದನ್ನು ಅದಕ್ಕೆ ಅಡ್ಡ ಬಾರದ ಹಾಗೆ ಇಡಿ. ಮೈಕ್ ಇದ್ದರೆ ಪೊಲೀಸ್ ಠಾಣೆಯ ಒಪ್ಪಿಗೆ ಬೇಕು. ಚುನಾವಣೆ ಇದ್ದ ವರ್ಷ ಮೇಯಲ್ಲಿ ನೀತಿ ಸಂಹಿತೆ ಜಾರಿಯಲ್ಲಿರಬಹುದು. ಆಗ ಅಭ್ಯರ್ಥಿಗಳನ್ನು ಕರೆಯಬೇಡಿ.

ಏರಿಸುವವರು ಯಾರು? ಶಾಸಕರೂ ಅಲ್ಲ, ಹಣ ಕೊಟ್ಟವರೂ ಅಲ್ಲ. ಮನೆಯವರಲ್ಲಿ ಒಬ್ಬರು ಮನಸ್ಸು ಮಾಡಿದರೆ ಅವರು. ಇಲ್ಲವಾದರೆ ಸಂಘದ ಹಿರಿಯ ಸದಸ್ಯರೊಬ್ಬರು. ಗಣ್ಯರು ಬಂದರೆ ಮನೆಯವರ ಹಿಂದಿನ ಸಾಲಿನಲ್ಲಿ ಕೂರಲಿ. ಇದನ್ನು ಮೊದಲೇ ತಿಳಿಸಿ ಕರೆಯಿರಿ, ಬಂದ ಮೇಲೆ ಹೇಳಬೇಡಿ.

ಹಿಂದಿನ ಸಂಜೆ ಹಗ್ಗವನ್ನು ನೀರಲ್ಲಿ ನೆನೆಸಿ ಅಭ್ಯಾಸ ಮಾಡಿ. ಒಣ ಹಗ್ಗದಲ್ಲಿ ಸಲೀಸಾಗಿ ಬಿಚ್ಚುವ ಜಾರುಗಂಟು ಒದ್ದೆಯಾದರೆ ಬಿಗಿಯಾಗುತ್ತದೆ. ಕಂಬದ ತುದಿಯಲ್ಲಿ ಗಂಟು ಬಿಚ್ಚದೆ ಎಲ್ಲರೂ ಮೇಲೆ ನೋಡುತ್ತಾ ನಿಲ್ಲುವುದು ಆ ದಿನ ಆಗಬಾರದ ಸಂಗತಿ. ಅದಕ್ಕೆ ಸುಲಭ ದಾರಿ ಇದೆ: ಗಂಟು ಕಟ್ಟುವುದೇ ಬೇಡ. ಬಾವುಟವನ್ನು ಬಿಡಿಸಿಯೇ ಕಟ್ಟಿ, ಕೆಳಗಿನಿಂದ ನಿಧಾನವಾಗಿ ಏರಿಸಿ. ಶೋಕದ ಬಾವುಟಕ್ಕೆ ಇದೇ ಹೆಚ್ಚು ಒಪ್ಪುತ್ತದೆ. ಒಳಗೆ ಹೂವಿನ ಎಸಳು ಸುತ್ತಿಡುವುದೂ ಬೇಡ. ಒದ್ದೆ ಸೇವಂತಿಗೆ, ಗೊಂಡೆಹೂವು ಬಿಳಿ ಪಟ್ಟಿಗೆ ಕಲೆ ಮಾಡುತ್ತವೆ. ಹೂವನ್ನು ಬುಡದಲ್ಲಿಡಿ.

ಏರಿದ ಮೇಲೆ ಚಪ್ಪಾಳೆ ಬೇಡ. ಜನರಿಗೆ ಇದು ಅಭ್ಯಾಸ ಬಲ, ಮೊದಲೇ ಮೈಕಿನಲ್ಲಿ ಹೇಳಿಬಿಡಿ. ಎರಡು ನಿಮಿಷ ಮೌನ, ಆಮೇಲೆ ಒಬ್ಬರದ್ದೇ ಮಾತು. ತನಿಖೆ, ಪರಿಹಾರ, ಯಾರ ತಪ್ಪು ಎಂಬ ವಿಷಯ ಈ ವೇದಿಕೆಯಲ್ಲಿ ಬರಬಾರದು. ಅವನ್ನು ಕೇಳಲೇಬೇಕು, ಬೇರೆ ದಿನ ಕೇಳಿ.

## ಹಂತ 9: ಇಳಿಸಿದ ಮೇಲೆ

ಸೂರ್ಯಾಸ್ತಕ್ಕೆ ಇಳಿಸುವ ಇಬ್ಬರ ಹೆಸರನ್ನು ಬೆಳಿಗ್ಗೆಯೇ ಬರೆದಿಡಿ. ಏರಿಸಲು ನೂರು ಜನ ಇರುತ್ತಾರೆ. ಸಂಜೆ ಮಳೆಯಲ್ಲಿ ಯಾರೂ ಇರುವುದಿಲ್ಲ. ಮೂರು ದಿನ ನೆನೆದು, ಹರಿದು, ಕಂಬಕ್ಕೆ ಸುತ್ತಿಕೊಂಡ ಬಾವುಟವನ್ನು ಮನೆಯವರು ಬಸ್ಸಿನಿಂದ ನೋಡುವ ಹಾಗೆ ಆಗಬಾರದು.

ಒದ್ದೆಯಾಗಿದ್ದರೆ ಸಿಹಿನೀರಲ್ಲಿ ಅದ್ದಿ ಉಪ್ಪು ತೆಗೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಪಾಟುಗಳಲ್ಲಿ ಬೂಷ್ಟು ಹಿಡಿಯದ ಬಟ್ಟೆ ಯಾವುದಿದೆ? ಪ್ಲಾಸ್ಟಿಕ್ ಕವರ್‌ನಲ್ಲಿ ಇಡಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಕಾಳುಮೆಣಸು ಹಾಕಿ ಇಡಿ. ದಸರಾ ಕಳೆದ ಮೇಲೆ ಒಮ್ಮೆ ತೆಗೆದು ಗಾಳಿಗೆ ಹರಡಿ.

ಅಂಚು ಹರಿದರೆ ಕತ್ತರಿಸಿ ಮತ್ತೆ ಹೊಲಿಸಬಹುದು, ಒಂದು ಸಲ. ಬಣ್ಣ ಮಾಸಿದರೆ ಹೊಸದು ಬೇಕು. ಹಳೆಯದನ್ನು ನೇತ್ರಾವತಿಗೆ ಬಿಡುವುದು, ಕಡಲಿಗೆ ಹಾಕುವುದು ಬೇಡ. ಪಾಲಿಯೆಸ್ಟರ್ ಕರಗುವ ವಸ್ತು ಅಲ್ಲ, ಮೀನಿನ ಬಲೆಗೆ ಸಿಕ್ಕಿ ವಾಪಸ್ ಬರುತ್ತದೆ. ಸುಡುವುದೂ ಬೇಡ, ಕರಗಿ ತೊಟ್ಟಿಕ್ಕುತ್ತದೆ, ಹೊಗೆ ಕೆಟ್ಟದು. ಮೊದಲು ಮನೆಯವರನ್ನು ಕೇಳಿ, ಯಾರಾದರೂ ಇಟ್ಟುಕೊಳ್ಳುತ್ತೇನೆ ಅಂದರೆ ಮಡಚಿ ಕೈಯಲ್ಲೇ ಕೊಡಿ. ಯಾರೂ ಕೇಳದಿದ್ದರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಹಾರಿತು ಅಂತ ಚೀಟಿ ಬರೆದು ನಿರ್ಣಯ ಪುಸ್ತಕದ ಪಕ್ಕ ಇಡಿ. ಕಾರ್ಯದರ್ಶಿ ಬದಲಾಗುವ ದಿನ ಕೀಲಿಕೈ, ಪಾಸ್‌ಬುಕ್ ಜೊತೆ ಬಾವುಟವನ್ನೂ ಲೆಕ್ಕ ಮಾಡಿ ಕೊಟ್ಟು, ಪಡೆದವರ ಸಹಿ ಹಾಕಿಸಿಕೊಳ್ಳಿ.